ಶನಿವಾರ ಬರುವ ಯಜಮಾನರು

"ಒಳಗೇ ತನ್ನಿ ಅಣ್ಣಾ, ಸೋಫಾ ಮೇಲಿಡಿ" ಎಂದು ಮನೆಯೊಡತಿ ಕೂಗಿದಾಗ, ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಚಹದ ಕಪ್ಪು ಹಿಡಿದು ಕೂತಿದ್ದ ಅವಳು ತಲೆಯೆತ್ತಿಯೂ ನೋಡಲಿಲ್ಲ. ಲಾಂಡ್ರಿಯವನು ಬಂದರೆ ನೋಡುವುದೇನಿದೆ? ಮಾತು ಸೊಗಸಾಗಿ ಸಾಗಿತ್ತು. ಆದರೆ ಬಂದವನ ಹಿಂದೆಯೇ ಗಂಜಿಯ, ಬಿಸಿ ಇಸ್ತ್ರಿಯ ವಾಸನೆಯೂ ಒಳಗೆ ಬಂತು. ಈಚೆಗೆ ತನ್ನ ಮನೆಯ ದಿಂಬಿಗೂ ಹತ್ತಿಕೊಂಡಿದ್ದ ವಾಸನೆ ಅದು. ಥಟ್ಟನೆ ತಲೆಯೆತ್ತಿದಳು. ಬಿಳಿ ದುಪ್ಪಟಿಯಲ್ಲಿ ಕಟ್ಟಿದ ಗಂಟನ್ನು ಹೆಗಲ ಮೇಲೆ ಹೊತ್ತು, ಜೇಬಿನ ಮೇಲೆ ಲಾಂಡ್ರಿಯ ಹೆಸರು ಹೊಲಿದ ತಿಳಿನೀಲಿ ಅಂಗಿ ತೊಟ್ಟು, ಬಾಗಿಲಲ್ಲಿ ಕಾಲೊರೆಸಿಕೊಳ್ಳುತ್ತಿದ್ದವನು... ಅವಳ ಗಂಡ!

ಅವನೂ ನೋಡಿದ. ಒಂದು ಗಳಿಗೆ ಗಂಟು ಹೆಗಲ ಮೇಲೇ ಉಳಿಯಿತು. ಅವಳ ಕಣ್ಣುಗಳು ಅವನ ಮುಖದಿಂದ ಜಾರಿ, ಅಂಗಿಗೆ ಬಂದು, ಅಲ್ಲಿಂದ ನೆಲಕ್ಕಿಳಿದು, ಕೊನೆಗೆ ತನ್ನ ಕಪ್ಪಿನೊಳಗೆ ಹೋಗಿ ಬಚ್ಚಿಟ್ಟುಕೊಂಡವು. ಅಷ್ಟರಲ್ಲಿ ಮನೆಯೊಡತಿಯ ತಂಗಿ ಬಾಯಿ ತೆರೆದಳು. ರಜೆಗೆಂದು ಬಂದಿದ್ದ ಮಾತಿನ ಮಲ್ಲಿ ಅವಳು. ಕೇಳಬೇಕೆನಿಸಿದ್ದನ್ನು ಕೇಳದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ.

"ನಿಮ್ಮ ಯಜಮಾನ್ರು ಅಷ್ಟು ದೂರ, ದೊಡ್ಡ ಹೋಟೆಲಿನ ಮ್ಯಾನೇಜರು ಅಂದ್ರಲ್ಲ, ಅವರ ಬಟ್ಟೆ ಎಲ್ಲಾ ಅಲ್ಲೇ ಒಗೀತಾರೇನೋ? ಶನಿವಾರ ಬರುವಾಗ ಇಸ್ತ್ರಿ ಮಾಡಿಸ್ಕೊಂಡೇ ಬರ್ತಾರಾ? ಅಲ್ಲಾ, ನಿಮ್ಮನೆಗೂ ಇವರೇ ಬರ್ತಾರಾ?"

ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವಳಿಗೆ. "ಇಲ್ಲ... ನಾವು ಮನೇಲೇ ಒಗ್ಕೊಳ್ತೀವಿ" ಎಂದಳು. ಸ್ವರ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ.

ಗಂಟು ಸೋಫಾದ ಮೇಲೆ ಇಳಿಯಿತು. ಅವನು ಬೆನ್ನು ನೆಟ್ಟಗೆ ಮಾಡಿ, ಹೋಟೆಲಿನ ಅತಿಥಿಗಳ ಮುಂದೆ ವರ್ಷಗಟ್ಟಲೆ ನಕ್ಕ ಅದೇ ಅಚ್ಚುಕಟ್ಟಾದ ನಗೆ ನಕ್ಕು, "ಒಂದ್ಸಲ ನಮ್ಮಲ್ಲೂ ಕೊಟ್ಟು ನೋಡಿ ಮೇಡಂ. ಚೆನ್ನಾಗಿ ಮಾಡಿ ಕೊಡ್ತೀವಿ" ಎಂದ.

"ನೋಡೋಣ" ಎಂದಳು ಅವಳು.

ಹೌದು, ಹಾಗೆಂದಳು! ಹದಿನೆಂಟು ವರ್ಷ ಒಂದೇ ಸೂರಿನಡಿ ಬಾಳಿದ ಗಂಡನಿಗೆ, ಪರಿಚಯವಿಲ್ಲದ ವ್ಯಾಪಾರಿಗೆ ಹೇಳುವಂತೆ, ನೋಡೋಣ ಎಂದಳು. ಮನೆಯೊಡತಿ ಫಕ್ಕನೆ ಎದ್ದು, "ನಿಂಗ್ಯಾಕೆ ಊರವರ ಬಟ್ಟೆ ಚಿಂತೆ? ಹೋಗಿ ಬಿಸ್ಕತ್ತು ತಗೊಂಡ್ ಬಾ" ಎಂದು ತಂಗಿಯನ್ನು ಗದರಿಸಿ ಒಳಗೆ ಕಳಿಸಿದಳು. ಗದರಿಕೆ ಬೇಕಿದ್ದಕ್ಕಿಂತ ಜೋರಾಗಿಯೇ ಇತ್ತು. ಆದರೆ ಅದನ್ನು ಗಮನಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಕೆಟ್ಟವಳೇನಲ್ಲ ಅವಳು. ಜಂಭ ಅನ್ನಿ, ಹೆದರಿಕೆ ಅನ್ನಿ, ಎರಡೂ ಸೇರಿದ್ದು ಅನ್ನಿ. ದೊಡ್ಡ ನಗರದಲ್ಲಿ ಅವಳ ಗಂಡ ಹಲವು ಮಹಡಿಗಳ ಹೋಟೆಲಿನಲ್ಲಿ ಕೋಣೆಗಳ ಮೇಲ್ವಿಚಾರಕನಾಗಿದ್ದ. ಹಾಸಿಗೆ, ದಿಂಬು, ಪರದೆ, ಟವೆಲು ಎಲ್ಲ ಅವನ ಕಣ್ಣಳತೆಯಲ್ಲಿ ನಡೆಯುತ್ತಿದ್ದವು. ಕೈಕೆಳಗಿನವರು ಸಾರ್ ಎನ್ನುತ್ತಿದ್ದರು. ಅವಳು ಮದುವೆ ಮುಂಜಿಗಳಲ್ಲಿ 'ನಮ್ಮ ಹೋಟೆಲು' ಎನ್ನುವಷ್ಟು ಸಲೀಸಾಗಿ ಮಾತಾಡುತ್ತಿದ್ದಳು. ಆ ಹೋಟೆಲನ್ನು ಯಾರೋ ಕೊಂಡರು, ಕೊಂಡವರು ಕೆಡವಿದರು. ಐವತ್ತರ ಹತ್ತಿರ ಬಂದ ಮನುಷ್ಯನಿಗೆ ಬೇರೆ ಹೋಟೆಲುಗಳು 'ಫೋನ್ ಮಾಡ್ತೀವಿ' ಎಂದವೇ ಹೊರತು ಮಾಡಲಿಲ್ಲ. ಮನೆಯಲ್ಲಿ ಕೂತು ಕೂತು ಅವನು ಒಂದೇ ಹಾಸಿಗೆಯನ್ನು ದಿನಕ್ಕೆ ಮೂರು ಸಲ ಸರಿಪಡಿಸತೊಡಗಿದಾಗ, ಈ ಸಣ್ಣ ಊರಿನಲ್ಲಿ ಲಾಂಡ್ರಿ ಇಟ್ಟುಕೊಂಡಿದ್ದ ಅವನ ಅಕ್ಕ ಫೋನು ಮಾಡಿದಳು. "ಬಂದ್ಬಿಡೋ ತಮ್ಮಾ. ಆಸ್ಪತ್ರೆದು, ಹಾಸ್ಟೆಲ್‌ದು ಎಲ್ಲಾ ನಮ್ಗೇ ಬರುತ್ತೆ. ನಂಗೊಂದು ನಂಬಿಕೆ ಕೈ ಬೇಕು." ಅಷ್ಟೇ. ಅವನು ಹೂಂ ಎಂದ. ಹೆಂಡತಿಯನ್ನು ಕೇಳಿಯೇ ಹೂಂ ಎಂದ. ಅವಳೂ ಹೂಂ ಎಂದಿದ್ದಳು. ಬೇರೆ ದಾರಿ ಏನಿತ್ತು?

ಸಾಮಾನಿನ ಲಾರಿ ಬಂದು ನಿಂತ ದಿನವೇ ಅವಳಿಗೆ ಉಸಿರು ಕಟ್ಟಿತು. ಹಳೆಯ ಫ್ಲ್ಯಾಟಿನಲ್ಲಿ ಎದುರು ಬಾಗಿಲಿನವರ ಮುಖ ನೋಡಿದ್ದು ಲಿಫ್ಟು ಕೆಟ್ಟಾಗ ಮಾತ್ರ. ಇಲ್ಲಿ ಬೀದಿಗೆ ಬೀದಿಯೇ ಹೊರಗೆ ಬಂದು, ಫ್ರಿಜ್ಜು ಇಳಿಸುವಾಗ 'ಮೆಲ್ಲಗೆ, ಮೆಲ್ಲಗೆ' ಎಂದು ಸಲಹೆ ಕೊಟ್ಟಿತು. ಪಾತ್ರೆ ಬಿಚ್ಚುವ ಮೊದಲೇ ಬಾಡಿಗೆ ಎಷ್ಟು, ಮಗಳು ಯಾವ ಕ್ಲಾಸು, ಬೆನ್ನುನೋವಿಗೆ ಏನು ಹಚ್ಚುತ್ತೀರಿ ಎಂಬುದೆಲ್ಲ ವಿಚಾರಣೆಯಾಯಿತು. ಮಾರನೆಯ ದಿನ ತರಕಾರಿ ಅಂಗಡಿಯಲ್ಲಿ ಹಲ್ಲಿನ ಡಾಕ್ಟರ ಹೆಂಡತಿ, ಮುಂದೆ ಆ ಚಹಕ್ಕೆ ಕರೆದ ಮನೆಯೊಡತಿಯೇ, ಸಿಕ್ಕಳು. ಒಂದು ಹಲ್ಲನ್ನೂ ಕಿತ್ತವಳಲ್ಲದಿದ್ದರೂ ಊರೆಲ್ಲ ಆಕೆಯನ್ನು ಡಾಕ್ಟರಮ್ಮ ಎಂದೇ ಕರೆಯುತ್ತಿತ್ತು. "ಯಜಮಾನ್ರು ಏನ್ಮಾಡ್ತಾರೆ?" ಎಂದು ಡಾಕ್ಟರಮ್ಮ ಸಹಜವಾಗಿ ಕೇಳಿದಳು.

ಲಾಂಡ್ರಿ ಎಂಬ ಮಾತು ಅವಳ ಗಂಟಲಿನವರೆಗೆ ಬಂದು ಅಲ್ಲೇ ಕೂತಿತು. "ಅಲ್ಲೇ ಇದಾರೆ, ಹೋಟೆಲ್ ಮ್ಯಾನೇಜರು. ಶನಿವಾರ ಬಂದು ಹೋಗ್ತಾರೆ" ಎಂದುಬಿಟ್ಟಳು. ದೊಡ್ಡ ನಗರದಿಂದ ಬಂದವರು ಮಾತ್ರ ಮಾಡಬಹುದಾದ ತಪ್ಪು ಅದು! ಅಲ್ಲಾದರೆ ಎರಡು ಬೀದಿಯಾಚೆ ನೀವು ಯಾರೋ, ಏನೋ. ಬೇಕೆಂದರೆ ರಾಜನ ಮೊಮ್ಮಗಳು ಎಂದರೂ ಕೇಳುವವರಿಲ್ಲ. ಇಲ್ಲಿ ಸುಳ್ಳಿಗೆ ಅಡಗಲು ಜಾಗವೆಲ್ಲಿದೆ? ಅವಳಿಗೆ ಅದು ಹೊಳೆಯಲಿಲ್ಲ. ಲಾಂಡ್ರಿ ಊರಿನ ಆ ಕಡೆ, ಮನೆ ಈ ಕಡೆ, ಅಷ್ಟು ಸಾಕು ಎಂದುಕೊಂಡಳು.

ಡಾಕ್ಟರಮ್ಮನ ಮನೆಯಿಂದ ಅವಳು ಹೇಗೋ ಎದ್ದು ಬಂದಳು. ಸಂಜೆ ಅವನು ಬಂದು, ಮುಖ ತೊಳೆದು, ಟವೆಲಿನಿಂದ ಒರೆಸಿಕೊಳ್ಳುತ್ತಾ ನಗುತ್ತಲೇ ಶುರುಮಾಡಿದ.

"ಹೋಟೆಲ್ ಮ್ಯಾನೇಜರಂತೆ ನಿನ್ನ ಗಂಡ! ಒಳ್ಳೆ ಕಡೆನೇ ಕೊಟ್ಟಿದಾರೆ ಬಿಡು ನಿಮ್ಮಪ್ಪ."

"ನಿಮ್ಮನ್ನ ಯಾರು ಆ ಹೊತ್ತಲ್ಲಿ ಬಾ ಅಂದಿದ್ದು?" ಅಪರಾಧ ಮಾಡಿದವರಿಗೆ ಮೊದಲು ಬರುವುದು ಸಿಟ್ಟೇ ತಾನೆ? "ಮೇಡಂ ಅಂತ ಕರೆದ್ರಲ್ಲ... ನನ್ನನ್ನ... ಮೇಡಂ ಅಂತ!"

"ಮತ್ತೇನಂತ ಕರೀಬೇಕಿತ್ತು? ಅಲ್ಲಿ ಕೂತಿದ್ದವಳು ಯಾರು ಅಂತ ನೀನೇ ಹೇಳು, ಹಾಗೇ ಕರೀತೀನಿ."

ಅವಳಿಗೆ ಅಳು ಬಂತು. ಒಂದು ಸಲ ಬಾಯಿ ಜಾರಿದ್ದು, ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ, ದಿನ ಹೋದಷ್ಟೂ ಕಷ್ಟವಾಯಿತು ಎಂದು ಬಿಕ್ಕುತ್ತ ಬಿಕ್ಕುತ್ತ ಹೇಳಿದಳು. ಅವನು ಒಂದಿಷ್ಟು ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನು "ಹೋಗ್ಲಿ ಬಿಡು" ಎಂದ. ಒಳಕೋಣೆಯಲ್ಲಿ ಓದುತ್ತಿದ್ದ ಮಗಳು ಬಾಗಿಲನ್ನು ರಪ್ಪನೆ ಹಾಕಿಕೊಂಡಳು.

ಅಲ್ಲಿಂದ ಶುರುವಾಯಿತು ನೋಡಿ ಆ ಮನೆಯ ನಾಟಕ! ಯಾರೂ ಹೇಳದೆಯೇ ಅವನು ಪಾತ್ರ ವಹಿಸಿಕೊಂಡ. ನೀಲಿ ಅಂಗಿಯನ್ನು ಲಾಂಡ್ರಿಯಲ್ಲೇ ಬಿಚ್ಚಿಟ್ಟು ಬರುವುದು, ಮುಖ್ಯ ರಸ್ತೆ ಬಿಟ್ಟು ಮರದ ಡಿಪೋ ಹಿಂದಿನ ಸಂದಿಯಲ್ಲಿ ನಡೆದು ಹಿತ್ತಿಲ ಬಾಗಿಲಿನಿಂದ ಒಳಸೇರುವುದು, ಬೆಳಿಗ್ಗೆ ಬೀದಿ ಏಳುವ ಮೊದಲೇ ಅದೇ ದಾರಿಯಲ್ಲಿ ಹೊರಬೀಳುವುದು. ತನ್ನ ಮನೆಗೆ ತಾನೇ ಕಳ್ಳನಾದ. ಶನಿವಾರ ಸಂಜೆ ಮಾತ್ರ ಲಾಂಡ್ರಿಯಲ್ಲಿಟ್ಟಿದ್ದ ಸೂಟ್‌ಕೇಸು ಹಿಡಿದು ಬಸ್ ನಿಲ್ದಾಣದವರೆಗೆ ಹೋಗಿ, ಅಲ್ಲಿಂದ ಪ್ರಯಾಣದ ದಣಿವು ಮುಖಕ್ಕೆ ತಂದುಕೊಂಡು ಮುಖ್ಯ ರಸ್ತೆಯಲ್ಲೇ ಬರುತ್ತಿದ್ದ. ದಣಿವಿಗೆ ನಟನೆಯೇನೂ ಬೇಕಿರಲಿಲ್ಲ, ದಿನವಿಡೀ ಬಿಸಿ ಉಗಿಯ ಮುಂದೆ ನಿಂತವನಿಗೆ. ಅವಳು ಬಾಗಿಲಲ್ಲಿ ನಿಂತು, ಬೀದಿಗೆ ಕೇಳಲೆಂದು, "ಬಂದ್ರಾ? ಬಸ್ಸು ರಶ್ ಇತ್ತಾ?" ಎನ್ನುವಳು. ಬೀದಿಯಲ್ಲಿ ಆ ಹೊತ್ತಿಗೆ ಒಬ್ಬರೂ ಇರುತ್ತಿರಲಿಲ್ಲ. ಎಲ್ಲರ ಬಾಗಿಲೂ ಮುಚ್ಚಿರುತ್ತಿತ್ತು. ಸಣ್ಣ ಊರಿನವರು, ಬೇಗ ಬಾಗಿಲು ಹಾಕಿಕೊಳ್ಳುತ್ತಾರೆ ಎಂದುಕೊಂಡಳು.

"ಅಪ್ಪಾ, ಅಲ್ಲಿ ಚಳಿ ಹೇಗಿದೆ?" ಎಂದು ಒಂದು ಶನಿವಾರ ಮಗಳು ಕೇಳಿದಳು. ಅವನು ನಕ್ಕ. ಮಗಳು ನಗಲಿಲ್ಲ. ತಟ್ಟೆ ಬಿಟ್ಟು ಎದ್ದು ಹೋದಳು. ಅಂದಿನಿಂದ ತಾಯಿಯೊಡನೆ ಅವಳ ಮಾತು ಹೂಂ, ಉಹೂಂಗಳಿಗೆ ಇಳಿಯಿತು.

ಹೀಗೇ ವಾರಗಳು ಉರುಳಿದವು. ಒಂದು ದಿನ ಅವನು ಕೈ ಒರೆಸಿಕೊಳ್ಳುತ್ತಾ, ಏನೋ ಸಣ್ಣ ಸುದ್ದಿಯೆಂಬಂತೆ ಹೇಳಿದ. "ಹಳೆ ಸ್ನೇಹಿತನೊಬ್ಬ ಅಲ್ಲಿ ಒಂದು ಹಾಸ್ಟೆಲಿನ ಸ್ಟೋರ್ ನೋಡ್ಕೊಳ್ಳೋ ಕೆಲ್ಸ ಇದೆ ಅಂದ. ಮಲಗೋಕೆ ಸ್ಟೋರಲ್ಲೇ ಒಂದು ಮಂಚ ಕೊಡ್ತಾರಂತೆ. ಸೋಮವಾರ ಹೊರಡ್ತೀನಿ. ಶನಿವಾರ ಬರ್ತೀನಿ... ಈ ಸಲ ನಿಜವಾಗ್ಲೂ ಬಸ್ಸಲ್ಲೇ ಬರ್ತೀನಿ. ನಿನ್ನ ಮಾತನ್ನ ನಿಜ ಮಾಡ್ಬಿಟ್ರೆ ಎಲ್ರಿಗೂ ಸುಲಭ."

ಬೇಡ ಎನ್ನಬೇಕಿತ್ತು. ಕಾಲು ಹಿಡಿದು ಬೇಡ ಎನ್ನಬೇಕಿತ್ತು! ಆದರೆ ಆ ಕ್ಷಣದಲ್ಲಿ ಅವಳ ಎದೆಯಲ್ಲಿ ಎದ್ದದ್ದು ದುಃಖವಲ್ಲ, ನೆಮ್ಮದಿ. ಇನ್ನು ಹೆದರಬೇಕಿಲ್ಲ, ಯಾರ ಮನೆಯ ಗಂಟೆ ಬಾರಿಸಿದರೂ ಬೆಚ್ಚಬೇಕಿಲ್ಲ... ಆ ನೆಮ್ಮದಿಯ ಬೆನ್ನಿಗೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಐವತ್ತರ ಗಂಡಸು, ಮಂಡಿನೋವಿನವನು, ಸೋಪಿನ ಡಬ್ಬಿಗಳ ನಡುವೆ ಒಬ್ಬನೇ ಮಲಗಲು ಹೊರಟಿದ್ದಾನೆ, ತನಗೆ ನೆಮ್ಮದಿ! ಆದರೂ ಬಾಯಿ ತೆರೆಯಲಿಲ್ಲ.

ಭಾನುವಾರ ಮಧ್ಯಾಹ್ನ ಅವನ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಾಗ ಗಂಡನ ಅಕ್ಕ ಬಿರುಗಾಳಿಯಂತೆ ಬಂದಳು. ಬಾಯಿ ಜೋರಿನ ಹೆಂಗಸು, ಯಂತ್ರಗಳ ಸದ್ದಿನಲ್ಲಿ ಕೂಗಿ ಕೂಗಿ ಮೆಲ್ಲಗೆ ಮಾತಾಡುವುದನ್ನೇ ಮರೆತವಳು.

"ಏನಮ್ಮಾ, ನನ್ನ ತಮ್ಮನ್ನ ಊರು ಬಿಡಿಸ್ತಿದೀಯಂತೆ?"

"ನಾನಲ್ಲ ಅಕ್ಕಾ, ಅವರೇ..."

"ಅವನೇ! ಅವನಿಗೆ ಹುಚ್ಚು ನೋಡು! ನನ್ನ ಲಾಂಡ್ರೀಲಿ ಊರವರ ಕೊಳೆ ಎಲ್ಲಾ ಹೋಗುತ್ತೆ. ನಿನ್ನ ತಲೆ ಒಳಗಿಂದು ಮಾತ್ರ ಯಾವ ಪುಡಿಗೂ ಹೋಗ್ತಿಲ್ಲ. ಅವನೇನು ಕದ್ದು ತಿಂತಿದಾನಾ? ದುಡಿದು ನಿನ್ನ ಮಗಳನ್ನ ಓದಿಸ್ತಿದಾನೆ!"

"ಅಕ್ಕಾ, ಸಾಕು" ಎಂದ ಅವನು. "ನಾನೇ ಹೋಗ್ತಿರೋದು. ಅವಳ ತಪ್ಪೇನಿಲ್ಲ." ಎಂದವನೇ ಹೆಂಡತಿಯ ಕೈಯಿಂದ ಇಸ್ತ್ರಿಪೆಟ್ಟಿಗೆ ತೆಗೆದುಕೊಂಡು, ಕಾಲರು ಬಿಡಿಸಿ, ತಾನೇ ಇಸ್ತ್ರಿ ಮಾಡತೊಡಗಿದ. ಅಕ್ಕ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಹೊರಟುಹೋದಳು.

ಸೋಮವಾರ ಅವನು ಮುಂಬಾಗಿಲಿನಿಂದಲೇ ಹೊರಟ. ಹಗಲಿನ ಬೆಳಕಿನಲ್ಲಿ, ಸೂಟ್‌ಕೇಸು ಹಿಡಿದು, ತಲೆಯೆತ್ತಿ. ಮಗಳು ಕೋಣೆಯಿಂದ ಹೊರಗೆ ಬರಲಿಲ್ಲ. ಅವಳೊಬ್ಬಳೇ ಬಾಗಿಲಲ್ಲಿ ನಿಂತು ಕೈ ಬೀಸಿದಳು. ಅವನು ತಿರುವಿನಲ್ಲಿ ಮರೆಯಾದ ಮೇಲೆ ಒಳಗೆ ಬಂದು ಅವನು ಕುಡಿದಿಟ್ಟ ಲೋಟ ತೊಳೆಯುತ್ತಿದ್ದಳು. ಆಗ ಬಾಗಿಲಲ್ಲಿ ಡಾಕ್ಟರಮ್ಮ. ಏದುಸಿರು ಬಿಡುತ್ತಿದ್ದಳು, ಒಂದು ಕಾಲಿನ ಚಪ್ಪಲಿ ಇನ್ನೊಂದಕ್ಕೆ ಜೋಡಿಯಾಗಿರಲಿಲ್ಲ.

"ಏನ್ರೀ ಇದು, ಅವರು ನಿಜವಾಗ್ಲೂ ಹೋಗ್ತಿದಾರಾ?"

"ಹೌದು, ಸೋಮವಾರ ಅಲ್ವಾ, ಡ್ಯೂಟಿಗೆ..." ಎಂದು ಅಭ್ಯಾಸಬಲದಿಂದ ಶುರುಮಾಡಿದ ಅವಳು ಅಲ್ಲೇ ನಿಂತಳು. ನಿಜವಾಗ್ಲೂ? ನಿಜವಾಗ್ಲೂ ಎಂದರೇನು?

ಡಾಕ್ಟರಮ್ಮ ತುಟಿ ಕಚ್ಚಿಕೊಂಡಳು. ಆಮೇಲೆ, ಕೀಳಲೇಬೇಕಾದ ಹಲ್ಲು ಎಂಬಂತೆ ಹೇಳಿಯೇಬಿಟ್ಟಳು. "ನಮ್ಗೆಲ್ಲಾ ಗೊತ್ತಿದೆ ಕಣ್ರೀ. ನೀವು ಬಂದ ವಾರದಲ್ಲೇ ಗೊತ್ತಾಯ್ತು. ನಮ್ಮನೆಗೆ ಬಟ್ಟೆ ತರೋರೇ ದಿನಾ ಸಂಜೆ ನಿಮ್ಮನೆ ಒಳಗೆ ಹೋಗ್ತಾರೆ ಅಂದ್ರೆ ಗೊತ್ತಾಗಲ್ವಾ? ಅವತ್ತು ಬೆಳಿಗ್ಗೆ ಬನ್ನಿ ಅಂತ ಹೇಳಿದ್ದೆ, ಅವರು ಮಧ್ಯಾಹ್ನ ಬಂದ್ರು... ನನ್ನ ತಂಗಿಗೆ ಏನೂ ಗೊತ್ತಿರ್ಲಿಲ್ಲ. ಎಷ್ಟು ಒದ್ದಾಡ್ದೆ ಗೊತ್ತಾ ಆಮೇಲೆ!"

"ಯಾರೂ... ಯಾಕೆ ಹೇಳ್ಲಿಲ್ಲ ನಂಗೆ?"

"ಹೇಗೆ ಹೇಳೋದು? ನೀವೇ ಒಂದು ದಿನ ಹೇಳ್ತೀರಿ, ನಕ್ಕು ಬಿಟ್ಬಿಡೋಣ ಅಂತಿದ್ವಿ. ಶನಿವಾರ ಅವರು ಪೆಟ್ಟಿಗೆ ಹಿಡ್ಕೊಂಡು ಬರುವಾಗ ಯಾರ ಕಣ್ಣಿಗೂ ಬೀಳೋದು ಬೇಡ ಅಂತ ಬೀದಿಯವರೆಲ್ಲಾ ಬಾಗಿಲು ಹಾಕ್ಕೊಂಡು ಕೂತಿರ್ತಿದ್ವಿ. ಮಕ್ಕಳನ್ನೂ ಒಳಗೆ ಕೂಡಾಕ್ತಿದ್ವಿ!"

ಅಯ್ಯೋ... ಜನ ಆಡಿಕೊಂಡು ನಕ್ಕಾರು ಎಂದು ಇಷ್ಟು ದಿನ ಹೆದರಿದ್ದಳು. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು, ಹೋಗಿ ಜಗಳವಾಡಬಹುದಿತ್ತು. ಇವರು ಮರುಕಪಟ್ಟಿದ್ದರು! ಅವಳು ಬೀದಿಗೆ ಕೇಳಲೆಂದು 'ಬಸ್ಸು ರಶ್ ಇತ್ತಾ' ಎಂದು ಕೂಗಿದಾಗಲೆಲ್ಲ, ಮುಚ್ಚಿದ ಬಾಗಿಲುಗಳ ಹಿಂದೆ ಇಡೀ ಬೀದಿ ಉಸಿರು ಬಿಗಿಹಿಡಿದು ಕೂತು ಕೇಳಿಸಿಕೊಂಡಿತ್ತು. ಆ ಒಂದೊಂದು ಶನಿವಾರವೂ ಈಗ ಅವಳ ಕೆನ್ನೆಗೆ ಬಾರಿಸಿದಂತಾಯಿತು. ಮತ್ತು ಆ ಮನುಷ್ಯ... ಈ ಯಾರಿಗೂ ಬೇಡದ ಸುಳ್ಳಿಗಾಗಿ ಮಗಳನ್ನು ಬಿಟ್ಟು ಸ್ಟೋರಿನಲ್ಲಿ ಮಲಗಲು ಹೊರಟಿದ್ದಾನೆ!

ಓಡಿದಳು. ಮನೆಯ ಮಾಸಿದ ಬಟ್ಟೆಯಲ್ಲಿ, ಕೈಯಲ್ಲಿ ಸೋಪಿನ ನೊರೆ ಹಾಗೇ ಇರುವಾಗ, ಬಾಚದ ತಲೆಯಲ್ಲಿ. ಅವಳು ಯಾರನ್ನೂ ಏನೂ ಕೇಳಲಿಲ್ಲ. ಊರೇ ತಾನಾಗಿ ದಾರಿ ಹೇಳಿತು. "ಇನ್ನೂ ಹೊರಟಿಲ್ಲಮ್ಮಾ, ಓಡಿ" ಎಂದ ತರಕಾರಿಯವನು. "ಹಸಿರು ಬಸ್ಸು, ಎಡಗಡೆ ನಿಂತಿದೆ" ಎಂದಿತು ಔಷಧಿ ಅಂಗಡಿ. ಒಂದೊಂದು ಮಾತಿಗೂ ಅವಳ ತಲೆ ಇನ್ನಷ್ಟು ತಗ್ಗಿತು, ಕಾಲು ಮಾತ್ರ ನಿಲ್ಲಲಿಲ್ಲ.

ಬಸ್ಸಿನ ಎಂಜಿನ್ನು ಗುರುಗುಟ್ಟುತ್ತಿತ್ತು. ಕಿಟಕಿಯ ಪಕ್ಕ, ತೊಡೆಯ ಮೇಲೆ ಸೂಟ್‌ಕೇಸು ಇಟ್ಟುಕೊಂಡು ಅವನು ಕೂತಿದ್ದ. ಅವಳು ಸಾಲುಗಳ ನಡುವೆ ನುಗ್ಗಿ ಅವನ ಮುಂದೆ ನಿಂತಳು.

"ಇಳೀರಿ."

"ಏನೇ ಇದು? ಜನ ನೋಡ್ತಿದಾರೆ."

"ನೋಡ್ಲಿ! ಎಲ್ರಿಗೂ ಗೊತ್ತಂತೆ. ಮೊದಲಿಂದ್ಲೂ ಗೊತ್ತಂತೆ..."

ಅವನು ಕಿಟಕಿಯಾಚೆ ನೋಡಿದ. "ಗೊತ್ತು" ಎಂದ.

"ನಿಮ್ಗೂ ಗೊತ್ತಿತ್ತಾ?"

"ದಿನಾ ಅವರ ಬಾಗಿಲಿಗೆ ಹೋಗೋನು ನಾನು. ಶನಿವಾರ ನನ್ನ ಕಂಡು ಬಾಗಿಲು ಹಾಕ್ಕೊಂಡ್ರೆ ತಿಳಿಯಲ್ವಾ? ನಿನ್ಗೆ ತಿಳಿಯೋದು ಬೇಡ ಅಂತ ಸುಮ್ನಿದ್ದೆ. ನೀನು ಬಾಗಿಲಲ್ಲಿ ಅಷ್ಟು ಗತ್ತಾಗಿ ನಿಂತಿರ್ತಿದ್ದೆ..." ಅವನು ಸೂಟ್‌ಕೇಸಿನ ಹಿಡಿಯನ್ನು ಸರಿಪಡಿಸಿದ. "ಆದ್ರೆ ಇನ್ನು ಆಗಲ್ಲ ಕಣೇ. ಅವರ ಆ ಒಳ್ಳೇತನ ತಡ್ಕೊಳ್ಳೋಕಾಗ್ತಿಲ್ಲ. ಅದಕ್ಕೇ ಹೊರಟೆ."

ಕಂಡಕ್ಟರು ಸೀಟಿ ಬಾಯಲ್ಲಿಟ್ಟುಕೊಂಡವನು ಊದಲು ಮರೆತಿದ್ದ.

"ಒಂದು ಕೇಳ್ತೀನಿ, ನಿಜ ಹೇಳು" ಎಂದ ಅವನು. "ನಿನ್ಗೆ ನಾಚಿಕೆ ಹೋಯ್ತಾ?"

ಹೋಯಿತು ಎನ್ನಬಹುದಿತ್ತು. ಆ ಒಂದು ಮಾತಿಗೆ ಅವನು ಇಳಿದೇಬಿಡುತ್ತಿದ್ದ. ಅವಳು ತಲೆಯಲ್ಲಾಡಿಸಿದಳು. "ಇಲ್ಲ... ಹೋಗಿಲ್ಲ. ಆ ನೀಲಿ ಅಂಗಿ ಕಂಡ್ರೆ ಈಗ್ಲೂ ಮುಖ ತಿರುಗಿಸ್ಕೋಬೇಕು ಅನ್ಸುತ್ತೆ. ಈಗ ನನ್ನ ಮೇಲೂ ನಾಚಿಕೆ, ಅದು ಇನ್ನೂ ಜಾಸ್ತಿ. ಆದ್ರೂ ಇಳೀರಿ. ನಾಚಿಕೆ ಇಟ್ಕೊಂಡೇ ಇರ್ತೀನಿ, ನೀವಿರಿ... ಬೇರೆ ಸುಳ್ಳು ನಂಗೆ ಹೇಳೋಕೆ ಬರಲ್ಲ."

ಅವನ ಕಣ್ಣು ತುಂಬಿ ಹರಿಯಿತು. ಅಷ್ಟು ಜನರ ಮುಂದೆ, ಒರೆಸಿಕೊಳ್ಳದೆ, ತಗ್ಗಿದ ದನಿಯಲ್ಲಿ ಅವನೂ ಹೇಳಿದ. "ಅವತ್ತು ನೀನು ನನ್ನ ಗುರುತು ಹಿಡೀದೇ ಇದ್ದಾಗ ನಂಗೆ ನೋವಾಯ್ತು ಅಂದ್ಕೊಂಡಿದೀಯಲ್ಲ? ಇಲ್ಲ. ಸಮಾಧಾನ ಆಯ್ತು. ಗಂಟು ಹೊತ್ತು ನಿಂತಿದ್ದೋನು ಇವಳ ಗಂಡ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ ಅಂದ್ಕೊಂಡು. ನಾಚಿಕೆ ನಿನ್ಗೊಬ್ಬಳಿಗೇ ಅಲ್ಲ."

ಅವಳು ಅವನ ಪಕ್ಕದ ಸೀಟಿನಲ್ಲಿ ಕುಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಾರದೆ ಕೂತರು. ಕೊನೆಗೆ ಕಂಡಕ್ಟರೇ ಕೆಮ್ಮಿದ. "ಏನ್ ಲಾಂಡ್ರಿ ಅಣ್ಣಾ, ಇಳೀತೀರೋ, ಇಲ್ಲಾ ಅಕ್ಕಂಗೂ ಒಂದು ಟಿಕೆಟ್ ಹರೀಲೋ?"

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅವನು ಎದ್ದ, ಸೂಟ್‌ಕೇಸು ಎತ್ತಿಕೊಂಡ. ಅವಳೂ ಎದ್ದಳು. ಇಬ್ಬರೂ ಬಾಗಿಲ ಹತ್ತಿರ ಬರುವಷ್ಟರಲ್ಲಿ ಮುಂದಿನ ಸೀಟಿನ ವಕೀಲರೊಬ್ಬರು ಅವನ ತೋಳು ಹಿಡಿದು ನಿಲ್ಲಿಸಿದರು.

"ಅಲ್ಲಪ್ಪಾ, ನೀನು ಊರು ಬಿಡ್ತಿದೀಯಾ ಅಂತ ಆಗಿಂದ ಯೋಚ್ನೆ ಮಾಡ್ತಿದೀನಿ. ನನ್ನ ಕರೀ ಕೋಟು ನಿಮ್ಮಲ್ಲೇ ಇದೆಯಲ್ಲೋ! ನಾನು ನಾಳೆ ವಾಪಸ್ ಬರೋನು, ನಾಡಿದ್ದು ಕೋರ್ಟಿದೆ."

ಅವನು ಬಾಯಿ ತೆರೆಯುವ ಮೊದಲೇ ಅವಳು ತಿರುಗಿದಳು. ಕಿವಿಯ ತುದಿಯವರೆಗೆ ಮುಖ ಕೆಂಪಾಗಿತ್ತು, ಕಣ್ಣು ವಕೀಲರ ಮುಖಕ್ಕೆ ಏರಲಿಲ್ಲ.

"ನಾಳೆ ಸಂಜೇನೇ ಬರುತ್ತೆ ಸ್ವಾಮೀ. ನಮ್ಮನೆಯವರೇ ತಂದು ಕೊಡ್ತಾರೆ."